ಜನ ಅಪರಾಧ ಯಾಕೆ ಮಾಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಓದುವುದು ಅಪರಾಧಶಾಸ್ತ್ರ ಅಂತ ಗೊತ್ತಾದ ಕೂಡಲೇ ಎದುರಿಗಿದ್ದವರು ಒಂದಾದರೂ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಮಾತಿನ ನಡುವೆ, ಪತ್ರಗಳಲ್ಲಿ, ಬರಹಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಶುರುವಿನ ಪ್ರಶ್ನೆಗಳು

ಕೆಟ್ಟವರು ಕೆಟ್ಟ ಕೆಲಸ ಮಾಡ್ತಾರೆ, ಅಷ್ಟೇ ಅಲ್ವಾ? ಇದಕ್ಕೆ ಸಿದ್ಧಾಂತ ಯಾಕೆ?

ಅಷ್ಟೇ ಆಗಿದ್ದರೆ ಅಪರಾಧ ಎಲ್ಲ ಕಡೆ, ಎಲ್ಲ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದೇ ಹದದಲ್ಲಿ ಕಾಣಬೇಕಿತ್ತು. ಹಾಗೆ ಕಾಣುವುದಿಲ್ಲ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ಫ್ರಾನ್ಸಿನ ನ್ಯಾಯಾಲಯಗಳ ಲೆಕ್ಕ ತೆಗೆದು ನೋಡಿದ. ವರ್ಷದಿಂದ ವರ್ಷಕ್ಕೆ ಅಪರಾಧಗಳ ಸಂಖ್ಯೆ ಹತ್ತಿರ ಹತ್ತಿರ ಅಷ್ಟೇ ಇತ್ತು. ಹರೆಯದಲ್ಲಿ ಏರುತ್ತಿತ್ತು, ವಯಸ್ಸಾದಂತೆ ಇಳಿಯುತ್ತಿತ್ತು. ಇದನ್ನು ಅವನು ಪ್ರಕಟಿಸಿದ್ದು 1831ರಲ್ಲಿ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿದವರಿಗೂ ಇದೇ ಆಕಾರ ಕಂಡಿದೆ.

ಇನ್ನೊಂದು ಲೆಕ್ಕ ನೋಡಿ. 1945ರಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ಪೊಲೀಸ್ ದಾಖಲೆಗಳನ್ನು ಮಾರ್ವಿನ್ ವೂಲ್ಫ್‌ಗ್ಯಾಂಗ್ ಮತ್ತು ಜೊತೆಗಾರರು ಜಾಲಾಡಿದರು. ನೂರಕ್ಕೆ ಆರು ಮಂದಿ ಹುಡುಗರೇ ಅರ್ಧಕ್ಕಿಂತ ಜಾಸ್ತಿ ಅಪರಾಧಗಳನ್ನು ಮಾಡಿದ್ದರು. ಇಷ್ಟು ಸ್ಪಷ್ಟವಾದ ಆಕಾರ ಸುಮ್ನೆ ಬರುವುದಿಲ್ಲ. ಅದು ಎಲ್ಲಿಂದ ಬಂತು ಎಂದು ಹೇಳಲು ಹೊರಟ ಮಾತೇ ಸಿದ್ಧಾಂತ.

ಕಾರಣ ಹುಡುಕೋದು ಅಂದ್ರೆ ಅಪರಾಧಿಯ ಪರ ನಿಂತ ಹಾಗಲ್ವಾ?

ಈ ಪ್ರಶ್ನೆ ಕೇಳುವವರಲ್ಲಿ ಹಲವರು ಸ್ವತಃ ನೊಂದವರು. ಹಾಗಾಗಿ ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೂ ನನ್ನ ಉತ್ತರ ಅಲ್ಲ ಅಂತಲೇ. ಬೆಂಕಿ ಹೇಗೆ ಹೊತ್ತಿಕೊಂಡಿತು ಎಂದು ವಿಚಾರಿಸುವವರು ಬೆಂಕಿಯ ಪರ ಇರುವುದಿಲ್ಲ. ಒಬ್ಬ ವ್ಯಕ್ತಿ ಎಷ್ಟರಮಟ್ಟಿಗೆ ಹೊಣೆ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಅಂಥದ್ದೇ ಮುಂದಿನ ಘಟನೆ ಯಾಕೆ ಆಗಬಹುದು ಎಂಬುದನ್ನು ಸಿದ್ಧಾಂತ ಕೇಳುತ್ತದೆ. ಎರಡೂ ಬೇಕು. ಎರಡನೆಯದನ್ನು ಕೈಬಿಟ್ಟರೆ ನಾಳೆ ನೋಯುವವರಿಗೆ ನಾವು ಏನೂ ಮಾಡಿದ ಹಾಗಾಗುವುದಿಲ್ಲ.

ಇದನ್ನೆಲ್ಲ ಮೊದಲು ಯೋಚಿಸಿದವರು ಯಾರು?

ದೆವ್ವ ಹಿಡಿದಿದೆ, ಪಾಪ ತುಂಬಿದೆ ಎನ್ನುವ ವಿವರಣೆಗಳು ಹಳೆಯವು. ಅವನ್ನು ಬದಿಗಿಟ್ಟು ಮಾತಾಡಿದವರಲ್ಲಿ ದೊಡ್ಡ ಹೆಸರು ಇಟಲಿಯ ಮಿಲಾನ್‌ನ ಚೆಸರೆ ಬೆಕ್ಕಾರಿಯಾ. 1764ರಲ್ಲಿ, 26ನೇ ವಯಸ್ಸಿನಲ್ಲಿ, ತನ್ನ ಹೆಸರು ಹಾಕದೆ ಒಂದು ಚಿಕ್ಕ ಪುಸ್ತಕ ಹೊರತಂದ. ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ನೇರವಾಗಿ ವಿರೋಧಿಸಿದ. ಅವನ ವಾದ ಸರಳ: ಮನುಷ್ಯ ಲಾಭ ನಷ್ಟ ತೂಗಿ ನೋಡುತ್ತಾನೆ. ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಇರಲಿ, ಬೇಗ ಸಿಗಲಿ, ತಪ್ಪದೇ ಸಿಗಲಿ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಇದೇ ದಾರಿಯಲ್ಲಿ ಮುಂದೆ ಹೋದ. ಇದನ್ನು ಶಾಸ್ತ್ರೀಯ ಪಂಥ ಎನ್ನುತ್ತಾರೆ.

ಮುಖ ನೋಡಿದ್ರೆ ಕಳ್ಳ ಅಂತ ಗೊತ್ತಾಗುತ್ತೆ ಅಂತಾರಲ್ಲ, ನಿಜಾನಾ?

ಸುಳ್ಳು. ಆದರೆ ಈ ಸುಳ್ಳಿಗೆ ಒಂದು ಕಾಲದಲ್ಲಿ ವಿಜ್ಞಾನದ ವೇಷ ಸಿಕ್ಕಿತ್ತು. ಇಟಲಿಯ ವೈದ್ಯ ಚೆಸರೆ ಲೊಂಬ್ರೋಸೊ ವಿಲ್ಲೆಲ್ಲಾ ಎಂಬ ಕೈದಿಯ ತಲೆಬುರುಡೆಯನ್ನು ಕೈಯಲ್ಲಿ ಹಿಡಿದು ನೋಡಿದ. ಹಿಂಭಾಗದ ಒಳಬದಿಯಲ್ಲಿ, ಸಾಮಾನ್ಯವಾಗಿ ಕಾಣದ ಒಂದು ಸಣ್ಣ ಕುಳಿ ಇತ್ತು. ಕೆಳಮಟ್ಟದ ಪ್ರಾಣಿಗಳಲ್ಲಿ ಇರುವಂಥದ್ದು ಅದು ಎಂದು ಅವನಿಗೆ ಅನ್ನಿಸಿತು. ಆ ಒಂದು ಕುಳಿಯಿಂದ ದೊಡ್ಡ ಕಟ್ಟಡವನ್ನೇ ಎಬ್ಬಿಸಿದ. ಅಪರಾಧಿ ಅಂದರೆ ವಿಕಾಸದಲ್ಲಿ ಹಿಂದೆ ಉಳಿದವನು, ದೊಡ್ಡ ದವಡೆ, ವಿಚಿತ್ರ ಕಿವಿ, ಉದ್ದ ತೋಳು ನೋಡಿ ಅವನನ್ನು ಗುರುತಿಸಬಹುದು ಎಂದು 1876ರಲ್ಲಿ ಬರೆದ. ಆ ಬುರುಡೆ ಈಗಲೂ ಟೂರಿನ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಅವನು ಮಾಡದೆ ಬಿಟ್ಟ ಮುಖ್ಯ ಕೆಲಸ ಹೋಲಿಕೆ. ಜೈಲಿನ ಹೊರಗಿನವರಲ್ಲಿ ಎಷ್ಟು ಜನರಿಗೆ ದೊಡ್ಡ ದವಡೆ ಇದೆ ಎಂದು ಸರಿಯಾಗಿ ಲೆಕ್ಕ ಹಾಕಲಿಲ್ಲ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳ ಅಳತೆ ತೆಗೆದು, ವಿದ್ಯಾರ್ಥಿಗಳು, ಸೈನಿಕರು ಮೊದಲಾದವರ ಅಳತೆಯ ಜೊತೆ ಇಟ್ಟು ನೋಡಿದ. 1913ರಲ್ಲಿ ಬಂದ ಅವನ ಉತ್ತರ: ಅಪರಾಧಿಯ ಮುಖ ಎಂಬ ಪ್ರತ್ಯೇಕ ಮುಖ ಇಲ್ಲ. ಇಷ್ಟಾದರೂ ಈ ನಂಬಿಕೆ ಪೂರ್ತಿ ಸತ್ತಿಲ್ಲ, ಮತ್ತೆ ಮತ್ತೆ ಹೊಸ ಅಂಗಿ ತೊಟ್ಟು ಬರುತ್ತದೆ. ಇದರ ಏಟು ತಿನ್ನುವವರು ಯಾವಾಗಲೂ ಎಲ್ಲರಿಗಿಂತ ಬೇರೆ ಕಾಣುವವರು, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಹಾಗಾದ್ರೆ ರಕ್ತದಲ್ಲೇ ಬರುತ್ತೆ ಅನ್ನೋದೂ ಸುಳ್ಳಾ?

ಅರ್ಧ. ಗಂಡಸರಲ್ಲಿ ಒಂದು ವೈ ಕ್ರೋಮೋಸೋಮ್ ಹೆಚ್ಚಿಗೆ ಇದ್ದರೆ ಕ್ರೂರಿಗಳಾಗುತ್ತಾರೆ ಎಂದು 1960ರ ದಶಕದಲ್ಲಿ ದೊಡ್ಡ ಸುದ್ದಿಯಾಗಿತ್ತು. 1976ರ ಡೆನ್ಮಾರ್ಕ್ ಅಧ್ಯಯನದಲ್ಲಿ ಅಂಥವರು ಹೆಚ್ಚು ಹಿಂಸೆ ಮಾಡುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಇದಕ್ಕಿಂತ ಯೋಚನೆಗೆ ಹಚ್ಚುವುದು ನ್ಯೂಜಿಲೆಂಡಿನ ಡ್ಯುನೆಡಿನ್‌ನ ಕೆಲಸ. 1972-73ರಲ್ಲಿ ಅಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳ ಕಾಲ ಬಿಡದೆ ಗಮನಿಸಿದ್ದಾರೆ. ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಎಂಎಒಎ ಎಂಬ ಜೀನ್ ಅವರಲ್ಲಿ ಕೆಲವು ಹುಡುಗರಲ್ಲಿ ಮಂದವಾಗಿತ್ತು. ಅದು ಮಂದವಾಗಿದ್ದ ಮಾತ್ರಕ್ಕೆ ಹಿಂಸೆ ಹೆಚ್ಚೇನೂ ಕಂಡಿರಲಿಲ್ಲ. ಜೀನ್ ಮಂದವಾಗಿದ್ದು, ಜೊತೆಗೆ ಬಾಲ್ಯದಲ್ಲಿ ಹೊಡೆತ ಬಡಿತ, ದೌರ್ಜನ್ಯ ಕಂಡವರಲ್ಲಿ ಹಿಂಸೆಯ ನಡತೆ ಹೆಚ್ಚಾಗಿ ಕಂಡಿತು. ಇದು ಪ್ರಕಟವಾದದ್ದು 2002ರಲ್ಲಿ. ಒಂದು ಜೀನ್ ಮೇಲೆ ಎಲ್ಲ ಭಾರ ಹಾಕುವುದಕ್ಕೆ ಈಗ ಸಂಶೋಧಕರೂ ಹಿಂಜರಿಯುತ್ತಾರೆ. ಹುಟ್ಟು ಮತ್ತು ಬೆಳೆಸಿದ ರೀತಿ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಮಾತು ಮಾತ್ರ ಗಟ್ಟಿಯಾಗಿ ಉಳಿದಿದೆ.

## ಸಮಾಜದ ಕಡೆ ತಿರುಗಿದರೆ

ಬಡತನ ಇದ್ರೆ ಅಪರಾಧ ಆಗೇ ಆಗುತ್ತೆ, ಅಲ್ವಾ?

ಇಷ್ಟು ನೇರವಾಗಿಲ್ಲ. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಅಪರಾಧ ಏರಲಿಲ್ಲ, ಇಳಿಯಿತು. ಬಡವರಲ್ಲಿ ಬಹುಪಾಲು ಜನ ಜೀವಮಾನದಲ್ಲಿ ಒಮ್ಮೆಯೂ ಇನ್ನೊಬ್ಬರ ವಸ್ತು ಮುಟ್ಟುವುದಿಲ್ಲ.

1938ರಲ್ಲಿ ರಾಬರ್ಟ್ ಮರ್ಟನ್ ಇದನ್ನು ಬೇರೆ ಥರ ನೋಡಿದ. ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ: ಹಣ ಮಾಡು, ಮೇಲೆ ಬಾ. ಆದರೆ ಅಲ್ಲಿಗೆ ಹೋಗುವ ನೇರ ದಾರಿಯನ್ನು ಕೆಲವರಿಗಷ್ಟೇ ಬಿಟ್ಟಿರುತ್ತದೆ. ಗುರಿಗೂ ದಾರಿಗೂ ನಡುವಿನ ಈ ಜಗ್ಗಾಟವೇ ಒತ್ತಡ. ಅದನ್ನು ಎದುರಿಸಲು ಜನ ಐದು ರೀತಿ ಕಂಡುಕೊಳ್ಳುತ್ತಾರೆ ಎಂದ. ಹೆಚ್ಚಿನವರು ಎರಡನ್ನೂ ಒಪ್ಪಿ ನಡೆಯುತ್ತಾರೆ. ಕೆಲವರು ಗುರಿ ಇಟ್ಟುಕೊಂಡು ದಾರಿ ಬದಲಿಸುತ್ತಾರೆ, ಕಳ್ಳತನ ವಂಚನೆಗಳು ಬರುವುದು ಇಲ್ಲಿ. ಕೆಲವರು ಗುರಿ ಮರೆತು ನಿಯಮಕ್ಕೆ ಜೋತುಬೀಳುತ್ತಾರೆ. ಇನ್ನು ಕೆಲವರು ಎರಡನ್ನೂ ಬಿಟ್ಟು ನಶೆಯಲ್ಲಿ ಮುಳುಗುತ್ತಾರೆ. ಉಳಿದವರು ಬಂಡಾಯ ಏಳುತ್ತಾರೆ.

1992ರಲ್ಲಿ ರಾಬರ್ಟ್ ಆಗ್ನ್ಯೂ ಇದಕ್ಕೆ ಭಾವನೆಯನ್ನು ಸೇರಿಸಿದ. ಹಣ ಒಂದೇ ಅಲ್ಲ, ಪ್ರೀತಿಪಾತ್ರರನ್ನು ಕಳೆದುಕೊಳ್ಳುವುದು, ದಿನಾ ಅವಮಾನ ಉಣ್ಣುವುದು ಕೂಡ ಒತ್ತಡವೇ. ಆ ಒತ್ತಡ ಸಿಟ್ಟಾದಾಗ ಅಪಾಯ ಜಾಸ್ತಿ. ಇಲ್ಲದಿರುವುದಕ್ಕಿಂತ ತನಗೆ ಅನ್ಯಾಯವಾಗಿದೆ ಎಂಬ ಉರಿ ಹೆಚ್ಚು ಸುಡುತ್ತದೆ ಎಂದು ನನಗೂ ಅನ್ನಿಸುತ್ತದೆ.

ಕೆಲವು ಏರಿಯಾಗಳಲ್ಲೇ ಯಾಕೆ ಗಲಾಟೆ ಜಾಸ್ತಿ? ಅಲ್ಲಿನ ಜನವೇ ಹಾಗಾ?

ಜನವೇ ಹಾಗೆ ಎಂಬ ಮಾತನ್ನು ಷಿಕಾಗೋದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ದಾಖಲೆ ಇಟ್ಟು ಮುರಿದರು. ಬಾಲಾಪರಾಧಿ ನ್ಯಾಯಾಲಯಕ್ಕೆ ಬಂದ ಹುಡುಗರ ಮನೆಗಳನ್ನು ನಕ್ಷೆಯ ಮೇಲೆ ಒಂದೊಂದಾಗಿ ಗುರುತು ಹಾಕಿದರು. ಚುಕ್ಕೆಗಳು ಊರಿನ ನಡುಭಾಗದ ಸುತ್ತ ಒತ್ತಾಗಿದ್ದವು. ದಶಕಗಳು ಕಳೆದವು. ಅಲ್ಲಿದ್ದ ವಲಸಿಗರು ಬಿಟ್ಟು ಹೋದರು, ಬೇರೆ ದೇಶದಿಂದ ಬಂದವರು ಅದೇ ಮನೆಗಳಲ್ಲಿ ನೆಲೆಸಿದರು. ಚುಕ್ಕೆಗಳು ಮಾತ್ರ ಅಲ್ಲೇ ಉಳಿದವು! ಬಿಟ್ಟು ಹೋದವರ ಮಕ್ಕಳು ಬೇರೆಡೆ ಅಷ್ಟಾಗಿ ತಂಟೆಗೆ ಹೋಗಲಿಲ್ಲ. 1942ರಲ್ಲಿ ಬಂದ ಅವರ ತೀರ್ಮಾನ: ದೋಷ ಜನಾಂಗದ್ದಲ್ಲ, ಜಾಗದ ಸ್ಥಿತಿಯದು. ಬಡತನ, ಸದಾ ಬದಲಾಗುವ ಬಾಡಿಗೆದಾರರು, ಯಾರಿಗೆ ಯಾರೂ ಪರಿಚಯವಿಲ್ಲದಿರುವುದು.

1997ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಇಬ್ಬರು ಜೊತೆಗಾರರು ಅದೇ ನಗರದ 343 ನೆರೆಹೊರೆಗಳಲ್ಲಿ 8,782 ಜನರನ್ನು ಮಾತಾಡಿಸಿದರು. ಮಕ್ಕಳು ಶಾಲೆ ತಪ್ಪಿಸಿ ಬೀದಿಯಲ್ಲಿ ನಿಂತರೆ ನಿಮ್ಮ ನೆರೆಯವರು ಬಂದು ಕೇಳುತ್ತಾರಾ ಎಂಬಂಥ ಪ್ರಶ್ನೆಗಳು. ಕೇಳುತ್ತಾರೆ ಎಂಬ ನಂಬಿಕೆ ಇದ್ದ ಕಡೆ, ಅಷ್ಟೇ ಬಡತನವಿದ್ದರೂ ಹಿಂಸೆ ಕಡಿಮೆ ಇತ್ತು.

ಎಲ್ಲ ಸಹವಾಸ ದೋಷ ಅಂತಾರೆ ಮನೆಯಲ್ಲಿ. ಅದಕ್ಕೇನಾದರೂ ಆಧಾರ ಇದೆಯಾ?

ಇದೆ. ಎಡ್ವಿನ್ ಸದರ್‌ಲ್ಯಾಂಡ್ ಹೇಳಿದ್ದು ಹತ್ತಿರ ಹತ್ತಿರ ಅದನ್ನೇ, ಸ್ವಲ್ಪ ಬಿಗಿಯಾಗಿ. ಅಪರಾಧವನ್ನು ಬೇರೆ ಯಾವುದೇ ಕೆಲಸದ ಹಾಗೆ ಹತ್ತಿರದವರಿಂದ ಕಲಿಯುತ್ತೇವೆ ಎಂದ. ಕಲಿಯುವುದು ಬೀಗ ತೆಗೆಯುವ ಕೈಚಳಕ ಒಂದನ್ನೇ ಅಲ್ಲ, ಇದರಲ್ಲಿ ತಪ್ಪೇನಿದೆ ಎನ್ನುವ ಮಾತನ್ನೂ ಕಲಿಯುತ್ತೇವೆ. ಕಾನೂನು ಮುರಿಯಬಹುದು ಎನ್ನುವ ಮಾತುಗಳು ಮುರಿಯಬಾರದು ಎನ್ನುವ ಮಾತುಗಳಿಗಿಂತ ತೂಕವಾದಾಗ ಮನುಷ್ಯ ಆ ಕಡೆ ವಾಲುತ್ತಾನೆ.

ಆದರೆ ಕೆಟ್ಟ ಸಹವಾಸ ಎಂದಾಗ ನಮ್ಮ ಕಣ್ಣು ಬೀದಿ ಹುಡುಗರ ಕಡೆ ಹೋಗುತ್ತದೆ. ಸದರ್‌ಲ್ಯಾಂಡ್ ನೋಡಿದ್ದು ಮೇಲಿನವರ ಕಡೆಗೂ. ಬಿಳಿ ಕಾಲರ್ ಅಪರಾಧ, ಅಂದರೆ ಸ್ಥಾನಮಾನ ಇರುವವರು ತಮ್ಮ ಉದ್ಯೋಗದ ನಡುವೆಯೇ ಮಾಡುವ ಅಪರಾಧ, ಎಂಬ ಮಾತನ್ನು 1939ರಲ್ಲಿ ಚಾಲ್ತಿಗೆ ತಂದವನೇ ಅವನು. ಅಮೆರಿಕದ 70 ದೊಡ್ಡ ಕಂಪನಿಗಳ ವಿರುದ್ಧ ಬಂದ 980 ತೀರ್ಪು, ಆದೇಶಗಳನ್ನು ಒಟ್ಟುಗೂಡಿಸಿದ. 1949ರಲ್ಲಿ ಪುಸ್ತಕ ಬಂದಾಗ ಕಂಪನಿಗಳ ಹೆಸರುಗಳನ್ನು ತೆಗೆಸಲಾಗಿತ್ತು. ಹೆಸರುಗಳ ಸಮೇತ ಅಚ್ಚಾಗಲು 1983ರವರೆಗೆ ಕಾಯಬೇಕಾಯಿತು.

ಕೈತುಂಬ ಸಂಬಳ ಇರೋರು ಯಾಕೆ ಕದೀತಾರೆ?

ಸದರ್‌ಲ್ಯಾಂಡನ ಶಿಷ್ಯ ಡೊನಾಲ್ಡ್ ಕ್ರೆಸ್ಸಿ ಜೈಲುಗಳಿಗೆ ಹೋಗಿ, ನಂಬಿಕೊಟ್ಟ ಹಣವನ್ನು ನುಂಗಿದವರ ಜೊತೆ ಕೂತು ಮಾತಾಡಿದ. 1953ರಲ್ಲಿ ಅವನು ಹೇಳಿದ ಮೂರು ಸಂಗತಿಗಳನ್ನು ಒಬ್ಬ ಕ್ಯಾಷಿಯರ್ ಮೇಲೆ ಇಟ್ಟು ನೋಡೋಣ. ಅವನಿಗೆ ಜೂಜಿನ ಸಾಲ ಇದೆ, ಮನೆಯಲ್ಲಿ ಹೇಳುವ ಹಾಗಿಲ್ಲ. ಬೀರುವಿನ ಕೀಲಿ ಅವನ ಕೈಯಲ್ಲೇ ಇದೆ, ಲೆಕ್ಕ ಬರೆಯುವವನೂ ಅವನೇ. ಇಷ್ಟಾದರೂ ಕೈ ಮುಂದೆ ಹೋಗುವುದಿಲ್ಲ. ಒಂದು ಸಂಜೆ ಎಲ್ಲರೂ ಹೊರಟ ಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಾನೆ: ಇದು ಕಳ್ಳತನ ಅಲ್ಲ, ಸಾಲ. ಸಂಬಳ ಬಂದ ದಿನ ವಾಪಸ್ ಇಡ್ತೀನಿ. ಆ ಮಾತು ಸಿಕ್ಕ ಮೇಲೆ ಕಂತೆಯಿಂದ ಮೊದಲ ನೋಟು ಹೊರಬರುತ್ತದೆ. ಮುಂದಿನ ತಿಂಗಳು ಆ ಮಾತನ್ನು ಹೇಳಿಕೊಳ್ಳುವ ಅಗತ್ಯವೂ ಇರುವುದಿಲ್ಲ.

ಯಾರಿಗೂ ಹೇಳಲಾಗದ ತೊಂದರೆ, ಅವಕಾಶ, ನೆಪ. ಇಂಥ ನೆಪಗಳನ್ನೇ 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಐದು ಬಗೆಯಾಗಿ ವಿಂಗಡಿಸಿದರು: ನನ್ನ ಕೈಯಲ್ಲಿರಲಿಲ್ಲ, ಯಾರಿಗೂ ನಷ್ಟ ಆಗಿಲ್ಲ, ಅವನಿಗೆ ಹಾಗೇ ಆಗಬೇಕಿತ್ತು, ಕೇಳೋಕೆ ನೀವೇನು ಸಾಚಾನಾ, ನನ್ನವರಿಗಾಗಿ ಮಾಡಿದೆ. ಈ ಐದನ್ನು ಓದುವಾಗ ನನಗೆ ನನ್ನದೇ ಸಣ್ಣಪುಟ್ಟ ತಪ್ಪುಗಳು ನೆನಪಾಗುತ್ತವೆ. ಅಪರಾಧ ಮಾಡುವವರಿಗೂ ಸರಿತಪ್ಪು ಗೊತ್ತಿರುತ್ತದೆ, ಅದಕ್ಕೇ ನೆಪ ಬೇಕಾಗುತ್ತದೆ ಎಂಬುದು ಇವರ ವಾದ.

ನನಗೆ ಉಲ್ಟಾ ಪ್ರಶ್ನೆ. ಇಷ್ಟೆಲ್ಲ ಆಸೆ ಇದ್ದೂ ನಾವೆಲ್ಲ ಯಾಕೆ ಕದಿಯಲ್ಲ?

ಟ್ರಾವಿಸ್ ಹಿರ್ಶಿ 1969ರಲ್ಲಿ ಶುರುಮಾಡಿದ್ದೂ ಇಲ್ಲಿಂದಲೇ. ಅವನ ಪ್ರಕಾರ ನಮ್ಮನ್ನು ಹಿಡಿದಿಡುವ ನಂಟುಗಳು ನಾಲ್ಕು. ಅಪ್ಪ ಅಮ್ಮ, ಮೇಷ್ಟ್ರ ಮೇಲಿನ ಅಕ್ಕರೆ. ಓದು, ಕೆಲಸದಲ್ಲಿ ಈಗಾಗಲೇ ಹಾಕಿದ ಶ್ರಮ. ಬಿಡುವಿಲ್ಲದಷ್ಟು ಚಟುವಟಿಕೆ. ನಿಯಮ ಪಾಲಿಸಬೇಕೆಂಬ ನಂಬಿಕೆ. ಇವು ಸಡಿಲವಾದಷ್ಟೂ ಕೈ ಸಡಿಲ.

1990ರಲ್ಲಿ ಮೈಕೆಲ್ ಗಾಟ್‌ಫ್ರೆಡ್‌ಸನ್ ಜೊತೆ ಸೇರಿ ಹಿರ್ಶಿ ತನ್ನ ಮಾತನ್ನು ಬದಲಿಸಿದ. ಎಲ್ಲದರ ಬುಡ ಸ್ವನಿಯಂತ್ರಣದ ಕೊರತೆ, ಅದು ಬಾಲ್ಯದಲ್ಲೇ ನಿರ್ಧಾರವಾಗಿಬಿಡುತ್ತದೆ ಎಂದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಹಾಗೆ. ಸ್ವನಿಯಂತ್ರಣ ಮುಖ್ಯ ಎನ್ನುವುದಕ್ಕೆ ಬೇಕಾದಷ್ಟು ಪುರಾವೆ ಇದೆ. ಮರ ಬಗ್ಗುವುದೇ ಇಲ್ಲ ಎನ್ನುವ ಭಾಗವನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂಬುದು ಮುಂದೆ, ವಯಸ್ಸಿನ ಪ್ರಶ್ನೆಯಲ್ಲಿ ಬರುತ್ತದೆ.

ಒಂದ್ಸಲ ಕಳ್ಳ ಅನ್ನಿಸಿಕೊಂಡ್ರೆ ಕಳ್ಳನೇ ಆಗಿಬಿಡ್ತಾರಾ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತಾರಲ್ಲ, ಹಣೆಪಟ್ಟಿ ಸಿದ್ಧಾಂತದ ತಿರುಳು ಅದೇ. ಎಡ್ವಿನ್ ಲೆಮರ್ಟ್ 1951ರಲ್ಲಿ ಎರಡು ಹಂತ ಬಿಡಿಸಿದ. ಮೊದಲ ತಪ್ಪಿಗೆ ನೂರು ಕಾರಣ ಇರಬಹುದು. ಆಮೇಲೆ ಜನ ಆ ಹೆಸರಿನಿಂದಲೇ ಕರೆಯತೊಡಗುತ್ತಾರೆ. ಕೆಲಸ ಸಿಗುವುದಿಲ್ಲ, ಹಳೆ ಗೆಳೆಯರು ದೂರ ಸರಿಯುತ್ತಾರೆ, ಹತ್ತಿರ ಸೇರಿಸಿಕೊಳ್ಳುವವರು ಅದೇ ಹಣೆಪಟ್ಟಿ ಹೊತ್ತವರು. ಎರಡನೆಯ ತಪ್ಪು ಹುಟ್ಟುವುದು ಇಲ್ಲಿ. 1963ರಲ್ಲಿ ಹೊವಾರ್ಡ್ ಬೆಕರ್ ಇದನ್ನು ಇನ್ನೂ ಮುಂದೆ ಒಯ್ದ.

ಎಲ್ಲರಿಗೂ ಹೀಗಾಗುವುದಿಲ್ಲ, ನಾಚಿಕೆಯಾಗಿ ತಿದ್ದಿಕೊಳ್ಳುವವರೂ ಇದ್ದಾರೆ. ಆಸ್ಟ್ರೇಲಿಯಾದ ಜಾನ್ ಬ್ರೈತ್‌ವೇಟ್ 1989ರಲ್ಲಿ ಈ ವ್ಯತ್ಯಾಸ ಎಲ್ಲಿಂದ ಎಂದು ವಿವರಿಸಿದ. ಮಾಡಿದ್ದು ತಪ್ಪು ಎಂದು ಹೇಳಿ ಮತ್ತೆ ಒಳಗೆ ಕರೆದುಕೊಳ್ಳುವ ನಾಚಿಕೆ ಬೇರೆ, ನೀನೇ ಕೆಟ್ಟವನು ಎಂದು ಹೊರಗಟ್ಟುವ ನಾಚಿಕೆ ಬೇರೆ.

ಯಾವುದು ಅಪರಾಧ ಅಂತ ತೀರ್ಮಾನ ಮಾಡೋರು ಯಾರು?

ಸಂಘರ್ಷ ಸಿದ್ಧಾಂತದವರ ಪ್ರಶ್ನೆ ಇದು. ಕಾನೂನು ಹಣ, ಅಧಿಕಾರ ಇರುವವರ ಕಡೆ ವಾಲುತ್ತದೆ ಎಂಬುದು ಅವರ ಮಾತು. ಡಚ್ ವಿದ್ವಾಂಸ ವಿಲ್ಲೆಮ್ ಬೊಂಗರ್ 20ನೇ ಶತಮಾನದ ಆರಂಭದಲ್ಲೇ ಕೇಳಿದ್ದ. ಜೇಬು ಕತ್ತರಿಸಿದವನ ಮೇಲೆ ಪೊಲೀಸ್ ಕೇಸು ಬೀಳುತ್ತದೆ. ಕೆಲಸಗಾರರ ಕೂಲಿ ಹಿಡಿದಿಟ್ಟ ಮಾಲೀಕನ ವಿಷಯ ಎಷ್ಟೋ ಸಲ ಬರೀ ತಗಾದೆ ಅನ್ನಿಸಿಕೊಳ್ಳುತ್ತದೆ. ಕೊಲೆಯ ಕಾರಣ ವಿವರಿಸಲು ಈ ಸಿದ್ಧಾಂತ ಅಷ್ಟು ನೆರವಾಗುವುದಿಲ್ಲ, ಜೈಲಿನಲ್ಲಿ ಯಾರು ತುಂಬಿದ್ದಾರೆ ಎಂದು ತಿಳಿಯಲು ತುಂಬ ನೆರವಾಗುತ್ತದೆ.

## ಇನ್ನಷ್ಟು ಆಳಕ್ಕೆ

ಬೀಗ ಹಾಕಿದ್ರೆ ಕಳ್ಳ ಪಕ್ಕದ ಮನೆಗೆ ಹೋಗ್ತಾನೆ. ಪ್ರಯೋಜನ ಏನು?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಉತ್ತರ ನಾವು ಅಂದುಕೊಂಡ ಹಾಗಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಆದಾಯ ಏರಿತು, ಓದು ಹೆಚ್ಚಿತು, ಕಳ್ಳತನವೂ ಏರಿತು. ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಇದಕ್ಕೆ ಕೊಟ್ಟ ಕಾರಣ ದಿನಚರಿ. ಹೆಂಗಸರೂ ಕೆಲಸಕ್ಕೆ ಹೊರಟಿದ್ದರಿಂದ ಹಗಲು ಮನೆಗಳು ಖಾಲಿ. ಕದಿಯುವ ವಸ್ತುಗಳೂ ಹಗುರ. ಮಾರಾಟದ ಕ್ಯಾಟಲಾಗು ತೆಗೆದು ನೋಡಿದರೆ 1960ರಲ್ಲಿ ಅತಿ ಹಗುರದ ಟಿವಿ 38 ಪೌಂಡ್ ತೂಗುತ್ತಿತ್ತು, 1970ರ ಹೊತ್ತಿಗೆ 15 ಪೌಂಡ್. ಮನಸ್ಸು ಮಾಡಿದವನು, ಕೈಗೆ ಸಿಗುವ ವಸ್ತು, ಕಾಯುವವರು ಇಲ್ಲದಿರುವುದು, ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಬೇಕು. ಒಂದು ತಪ್ಪಿದರೂ ಅಪರಾಧ ಆಗುವುದಿಲ್ಲ.

ಕಳ್ಳ ಪಕ್ಕಕ್ಕೆ ಹೋಗುತ್ತಾನಾ? ಪಶ್ಚಿಮ ಜರ್ಮನಿಯ ಕಥೆ ಕೇಳಿ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ ಸ್ಥಳದಲ್ಲೇ ದಂಡ ಎಂಬ ನಿಯಮ 1980ರಲ್ಲಿ ಬಂತು. ಉದ್ದೇಶ ತಲೆ ಉಳಿಸುವುದು. ಆ ವರ್ಷ ಸುಮಾರು 1.5 ಲಕ್ಷ ಬೈಕ್ ಕಳವಾಗಿದ್ದವು. 1986ರ ಹೊತ್ತಿಗೆ ಅದು ಸುಮಾರು 54 ಸಾವಿರಕ್ಕೆ ಇಳಿಯಿತು. ದಾರಿಯಲ್ಲಿ ನಿಂತ ಬೈಕ್ ಕಣ್ಣಿಗೆ ಬಿದ್ದಾಗ ಕೈಯಲ್ಲಿ ಹೆಲ್ಮೆಟ್ ಇಟ್ಟುಕೊಂಡಿರುವ ಕಳ್ಳ ಎಷ್ಟು ಜನ? ಬರಿತಲೆಯಲ್ಲಿ ಓಡಿಸಿದರೆ ಮುಂದಿನ ತಿರುವಿನಲ್ಲೇ ಪೊಲೀಸರು ತಡೆಯುತ್ತಾರೆ. ಅವರೆಲ್ಲ ಕಾರು ಕದಿಯಲು ಹೋದರಾ ಎಂದು ಲೆಕ್ಕ ನೋಡಿದರೆ, ಕಾರು ಕಳವು ಅಷ್ಟರಮಟ್ಟಿಗೆ ಏರಿರಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ಬಹುಪಾಲು ಅಲ್ಲೇ ನಿಲ್ಲುತ್ತದೆ.

ಒಡೆದ ಕಿಟಕಿ ಸಿದ್ಧಾಂತ ಅಂದ್ರೇನು?

ಒಂದು ಕಿಟಕಿ ಒಡೆದು ಹಾಗೇ ಬಿಟ್ಟರೆ ಇಲ್ಲಿ ಕೇಳುವವರಿಲ್ಲ ಎಂಬ ಸುಳಿವು ಹೋಗುತ್ತದೆ, ದೊಡ್ಡ ಅಪರಾಧಗಳು ಹಿಂದೆಯೇ ಬರುತ್ತವೆ ಎಂದು 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಹೇಳಿದರು. ಕಿಟಕಿ ರಿಪೇರಿ ಮಾಡಿ ಎಂಬ ಮಾತನ್ನು ಎಷ್ಟೋ ಕಡೆ ಸಣ್ಣ ತಪ್ಪಿಗೂ ಹಿಡಿದು ಹಾಕಿ ಎಂದು ಓದಿಕೊಂಡರು. ಅದರ ಫಲದ ಬಗ್ಗೆ ಇಂದಿಗೂ ವಾದ ಮುಗಿದಿಲ್ಲ.

ಶಿಕ್ಷೆ ಜಾಸ್ತಿ ಮಾಡಿದ್ರೆ ಎಲ್ಲ ಸರಿ ಹೋಗಲ್ವಾ?

ಬೆಕ್ಕಾರಿಯಾ ಹೇಳಿದ್ದರಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿರುವುದು ಒಂದು ಮಾತು: ಸಿಕ್ಕಿಬೀಳುವುದು ಖಚಿತ ಎನ್ನುವ ಭಯ ಕೆಲಸ ಮಾಡುತ್ತದೆ. ಐದು ವರ್ಷದ ಶಿಕ್ಷೆಯನ್ನು ಹತ್ತು ಮಾಡಿದರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಸಿಟ್ಟಿನಲ್ಲಿ, ನಶೆಯಲ್ಲಿ ಇರುವವನು ಕಾನೂನಿನ ಪುಸ್ತಕ ತೆರೆದು ನೋಡುವುದಿಲ್ಲ. ಮರಣದಂಡನೆಯಿಂದ ಕೊಲೆ ಕಡಿಮೆಯಾಗುತ್ತದೋ ಇಲ್ಲವೋ ಎಂದು ಈವರೆಗಿನ ಅಧ್ಯಯನಗಳಿಂದ ಹೇಳಲಾಗದು, ನೀತಿ ಮಾಡುವಾಗ ಅವುಗಳನ್ನು ಬಳಸಬಾರದು ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2012ರಲ್ಲಿ ವರದಿ ಕೊಟ್ಟಿತು.

ಹರೆಯದಲ್ಲಿ ಹಾರಾಡಿದವರು ಆಮೇಲೆ ಸುಮ್ಮನಾಗ್ತಾರಲ್ಲ, ಅದು ಹೇಗೆ?

ಡ್ಯುನೆಡಿನ್ ಮಕ್ಕಳ ಅಧ್ಯಯನದಲ್ಲಿ ದುಡಿದ ಟೆರ್ರಿ ಮೊಫಿಟ್ 1993ರಲ್ಲಿ ಎರಡು ಗುಂಪು ತೋರಿಸಿದಳು. ದೊಡ್ಡ ಗುಂಪು ಹರೆಯದಲ್ಲಷ್ಟೇ ತಪ್ಪುವವರದು. ದೇಹ ಬೆಳೆದಿರುತ್ತದೆ, ದೊಡ್ಡವರ ಹಕ್ಕು ಸಿಕ್ಕಿರುವುದಿಲ್ಲ, ಆ ಅವಧಿ ದಾಟಿದರೆ ಬಿಡುತ್ತಾರೆ. ಚಿಕ್ಕ ಗುಂಪು ಎಳವೆಯಲ್ಲೇ ಶುರುಮಾಡಿ ಮುಂದುವರಿಸುವವರದು.

ಈ ಚಿಕ್ಕ ಗುಂಪೂ ಬದಲಾಗಬಹುದಾ? 1980ರ ದಶಕದಲ್ಲಿ ಜಾನ್ ಲಾಬ್‌ಗೆ ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದಲ್ಲಿ ಹಳೆಯ ಪೆಟ್ಟಿಗೆಗಳು ಸಿಕ್ಕವು. ಬಾಸ್ಟನ್ ಸೀಮೆಯ 500 ಬಾಲಾಪರಾಧಿಗಳ ಬಗ್ಗೆ ಗ್ಲೂಕ್ ದಂಪತಿ ದಶಕಗಳ ಹಿಂದೆ ಬರೆದಿಟ್ಟ ಕಡತಗಳು ಅವು. ಲಾಬ್ ಮತ್ತು ಸ್ಯಾಂಪ್ಸನ್ ಆ ಕಡತಗಳನ್ನು ಮತ್ತೆ ಓದಿದರು. ಆಮೇಲೆ ಅವರಲ್ಲಿ 52 ಮಂದಿಯನ್ನು ಹುಡುಕಿ ಹೋಗಿ ಮಾತಾಡಿಸಿದರು, ಆಗ ಅವರೆಲ್ಲ 70ರ ಹತ್ತಿರದ ಮುದುಕರು. ಒಳ್ಳೆಯ ಮದುವೆ, ನಿಂತ ಕೆಲಸ, ಸೈನ್ಯ ಸೇರಿದ್ದು, ಇಂಥ ಯಾವುದೋ ತಿರುವಿನಲ್ಲಿ ಹಲವರು ದಾರಿ ಬದಲಿಸಿದ್ದರು. ಬಾಲ್ಯದ ಕಡತ ಓದಿ ಯಾರು ಬದಲಾಗುತ್ತಾರೆ ಎಂದು ಮೊದಲೇ ಹೇಳುವಂತಿರಲಿಲ್ಲ.

ಹೆಂಗಸರು ಯಾಕೆ ಕಡಿಮೆ?

ಎಲ್ಲ ದೇಶಗಳಲ್ಲೂ ಕಡಿಮೆ, ಹಿಂಸೆಯಲ್ಲಂತೂ ಇನ್ನೂ ಕಡಿಮೆ. ಹೊರಗೆ ದುಡಿಯತೊಡಗಿದರೆ ಅಂತರ ಅಳಿಯುತ್ತದೆ ಎಂದು 1975ರಲ್ಲಿ ಫ್ರೆಡಾ ಆಡ್ಲರ್ ಊಹಿಸಿದ್ದಳು. ಹಿಂಸೆಯ ಮಟ್ಟಿಗೆ ಅಂತರ ಅಳಿಯಲಿಲ್ಲ. ಬಹಳ ಕಾಲ ಹುಡುಗರನ್ನಷ್ಟೇ ನೋಡಿ ಸಿದ್ಧಾಂತ ಕಟ್ಟಿದ್ದರಿಂದ ಈ ಶಾಸ್ತ್ರ ಇಲ್ಲಿ ಇನ್ನೂ ಹಿಂದಿದೆ.

ಕೊನೆಗೆ ಯಾವ ಸಿದ್ಧಾಂತ ಸರಿ?

ಇವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ಪ್ರಶ್ನೆಗೆ ಉತ್ತರ. ಇದೇ ಬೀದಿ ಯಾಕೆ ಎಂದರೆ ಶಾ ಮತ್ತು ಮೆಕೇ. ಇದೇ ಹುಡುಗ ಯಾಕೆ ಎಂದರೆ ಹಿರ್ಶಿ, ಆಗ್ನ್ಯೂ, ಸದರ್‌ಲ್ಯಾಂಡ್. ಇದೇ ಮಧ್ಯಾಹ್ನ, ಇದೇ ಮನೆ ಯಾಕೆ ಎಂದರೆ ಕೋಹೆನ್ ಮತ್ತು ಫೆಲ್ಸನ್. ಆಮೇಲೆ ಮತ್ತೆ ಯಾಕೆ ಎಂದರೆ ಲೆಮರ್ಟ್. ಯಾರಾದರೂ ಒಂದೇ ಕಾರಣ ಹೇಳಿದಾಗ ನಾನು ಮೊದಲು ಕೇಳುವುದು, ನೀವು ಇದರಲ್ಲಿ ಯಾವ ಪ್ರಶ್ನೆಗೆ ಉತ್ತರ ಹೇಳ್ತಿದ್ದೀರಿ ಅಂತ.

ಸಿದ್ಧಾಂತ ತಪ್ಪಾದ್ರೆ ಏನಾಗುತ್ತೆ? ಪುಸ್ತಕದಲ್ಲಿ ತಾನೇ ಇರೋದು?

1939ರಲ್ಲಿ ಬಾಸ್ಟನ್ ಹತ್ತಿರದ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ ಒಂದು ಕೆಲಸ ಶುರುವಾಯಿತು. 506 ಹುಡುಗರನ್ನು ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬನನ್ನು ಆರಿಸಲು ನಾಣ್ಯ ಚಿಮ್ಮಿದರು. ಆಯ್ಕೆಯಾದವನಿಗೆ ಸರಾಸರಿ ಐದು ವರ್ಷ ಒಬ್ಬ ಸಲಹೆಗಾರನ ಸ್ನೇಹ, ಪಾಠಕ್ಕೆ ನೆರವು, ವೈದ್ಯರು, ಬೇಸಿಗೆ ಶಿಬಿರ. ಇನ್ನೊಬ್ಬನಿಗೆ ಏನೂ ಇಲ್ಲ. ಅಕ್ಕರೆಯ ನಂಟು ಸಿಕ್ಕರೆ ಹುಡುಗ ಉಳಿಯುತ್ತಾನೆ ಎಂಬ ನಂಬಿಕೆ, ಯಾರಾದರೂ ಒಪ್ಪುವಂಥದ್ದು.

ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಅವರನ್ನೆಲ್ಲ ಹುಡುಕಿದಳು. 1978ರಲ್ಲಿ ಅವಳು ಬರೆದದ್ದನ್ನು ಓದಿದಾಗ ನನಗೆ ನಂಬಲಾಗಲಿಲ್ಲ. ನೆರವು ಪಡೆದವರ ಗತಿ ಏನೂ ಸಿಗದವರಿಗಿಂತ ಒಳ್ಳೆಯದಾಗಿರಲಿಲ್ಲ. ಕುಡಿತ, ಬೇಗ ಸಾವು, ಮತ್ತೆ ಮತ್ತೆ ಅಪರಾಧ ಅವರಲ್ಲೇ ಜಾಸ್ತಿ. ಬೇಸಿಗೆ ಶಿಬಿರಕ್ಕೆ ಹಲವು ಸಲ ಹೋಗಿ ಬಂದವರಿಗೆ ಹೆಚ್ಚು ಹಾನಿಯಾಗಿತ್ತು ಎಂಬುದು ಇನ್ನೂ ತಡವಾಗಿ ತಿಳಿಯಿತು. ತಂಟೆಕೋರ ಹುಡುಗರನ್ನೆಲ್ಲ ಒಂದೇ ಕಡೆ ಸೇರಿಸಿದ್ದೇ ಕಾರಣ ಇರಬಹುದು. ಸದರ್‌ಲ್ಯಾಂಡ್ ಹೇಳಿದ ಸಹವಾಸವನ್ನು ಅವರೇ ಕೈಯಾರೆ ಕಟ್ಟಿಕೊಟ್ಟಿದ್ದರು.

ಆ ಗಂಡಸರನ್ನು ಮೆಕಾರ್ಡ್ ಇನ್ನೊಂದು ಮಾತೂ ಕೇಳಿದ್ದಳು: ಆ ಕಾರ್ಯಕ್ರಮದಿಂದ ನಿಮಗೆ ಉಪಯೋಗ ಆಯ್ತಾ? ಮೂವರಲ್ಲಿ ಇಬ್ಬರು ಹೌದು ಎಂದಿದ್ದರು.